ದೊಡ್ಡಮ್ಮನ ಹಂಡೆ ನೀರು

ನಮ್ಮ ವಠಾರದ ಬಚ್ಚಲುಮನೆಯ ಹಂಡೆ ತಾಮ್ರದ್ದು. ಹೊಟ್ಟೆಯೆಲ್ಲ ಮಸಿ ಹಿಡಿದು ಕಪ್ಪಗಿದ್ದರೂ ಬಾಯಿಯ ಸುತ್ತ ಮಾತ್ರ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಹೊಳೆಯುವ ಹಾಗೆ ಇಟ್ಟಿದ್ದರು. ಅದರ ಒಲೆಗೆ ದ್ರಾಕ್ಷಿ ಬಳ್ಳಿಯ ಕಡ್ಡಿಯೇ ಸೌದೆ. ಬ್ಯಾಟರಾಯನಪುರದ ಸುತ್ತಮುತ್ತ ಆಗ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ. ಬಳ್ಳಿ ಸವರುವ ಕಾಲ ಬಂದರೆ ಕಡ್ಡಿ ಹೊರೆಹೊರೆಯಾಗಿ ಬಂದು ಬಚ್ಚಲ ಹಿಂದೆ ಬೀಳುತ್ತಿತ್ತು, ವರ್ಷವಿಡೀ ಅದೇ ಉರಿಯುತ್ತಿತ್ತು. ಈಗ ನಾನು ಗೀಜರ್ ನೀರಿನಲ್ಲಿ ಮೀಯುವವಳು. ಗುಂಡಿ ಒತ್ತಿದರೆ ಬಿಸಿನೀರು ಬರುತ್ತದೆ, ಸುಖವಾಗಿದೆ, ದೂರೇನಿಲ್ಲ. ಆದರೆ ಆ ಹಂಡೆಯ ನೀರಿನ ಋಣ ನನ್ನ ಮೇಲಿದೆ. ಅದನ್ನು ಬರೆದಿಡದೆ ಹೋಗಬಾರದು ಎಂದು ಕೂತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಅಯ್ಯೋ ಪಾಪ ಎನ್ನುವವರು ಬೇಕಾದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಅವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ.

ಹಂಡೆಯ ಯಜಮಾನಿಯೇ ವಠಾರದ ಯಜಮಾನಿ. ಊರಿನ ಹಳೇ ಒಕ್ಕಲು ಮನೆತನದ ಹೆಂಗಸು. ಗಂಡ ತೀರಿಕೊಂಡ ಮೇಲೆ ತೋಟ, ದನ, ಬಾಡಿಗೆ ಮನೆಗಳು ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಬಾಡಿಗೆಗಿದ್ದ ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ದೊಡ್ಡಮ್ಮ ಬಾಯಿ ತೆರೆದರೆ ಬಳ್ಳಾರಿ ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಕೇಳಿಸುತ್ತಿತ್ತು. ಅವರದೊಂದು ಪದ್ಧತಿ. ಯಾರೇ ಆಗಲಿ, ಏನಾದರೂ ಕೆಟ್ಟದ್ದು ಕಂಡು ಮನೆಗೆ ಬಂದರೆ ಮೊದಲು ಬಚ್ಚಲಿಗೆ ಕಳಿಸುವುದು. ಸಾವಿನ ಮನೆಗೆ ಹೋಗಿ ಬಂದವರಿಗಂತೂ ಸರಿ, ಬಸ್ಸಿನಿಂದ ಬಿದ್ದು ಬಂದವರಿಗೆ, ಗಂಡನ ಹತ್ತಿರ ಏಟು ತಿಂದು ಬಂದವರಿಗೆ, ಎಲ್ಲರಿಗೂ ಒಂದೇ ಔಷಧಿ. “ಮೊದ್ಲು ತಲೆಗೆ ನೀರ್ ಉಯ್ಕೊ, ಆಮೇಲೆ ಅದೇನಂತ ಏಳು” ಎನ್ನುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ ಅಳುತ್ತ ಬಂದಾಗಲೂ ಕೂರಿಸಿ ನೀರು ಹಾಕಿದ್ದರು. ಗಣಿತ ಹತ್ತದೇ ಇದ್ದದ್ದು ತಲೆಯ ಕೊಳೆಯಿಂದಲೇ ಎಂದುಕೊಂಡಿದ್ದರೋ ಏನೋ, ಸೀಗೆಪುಡಿ ಹಾಕಿ ಉಜ್ಜಿದ ಉಜ್ಜಿಗೆ ನಾನು ಮಾರ್ಕ್ಸನ್ನು ಮರೆತು ಕಣ್ಣುರಿ ಎಂದು ಕಿರುಚಿದ್ದೆ. ಮುಂದಿನ ಸಲ ಪಾಸಾದೆ. ಅದು ತನ್ನ ಸೀಗೆಪುಡಿಯ ಮಹಿಮೆ ಎಂದು ದೊಡ್ಡಮ್ಮ ಊರೆಲ್ಲ ಹೇಳಿಕೊಂಡು ಬಂದರು.

ವಠಾರದ ಕೊನೆಯ ಮನೆ ನಮ್ಮದು, ನಾನು ಮತ್ತು ಅಮ್ಮ ಇಬ್ಬರೇ. ಅಪ್ಪ ನಾನು ಸಣ್ಣವಳಿದ್ದಾಗಲೇ ಹೋಗಿದ್ದರು. ಅಮ್ಮ ಗಂಗಾನಗರದ ಕಡೆ ಹುಡುಗಿಯರ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು, ಬೆಳಗಿನ ಜಾವ ಹೋದರೆ ಸಂಜೆಯೇ ಬರುವುದು. ನಾನು ಆರ್.ಟಿ. ನಗರದಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಜೂನಿಯರ್ ಮುಗಿದು ಸೀನಿಯರ್‌ಗೆ ಕೂತಿದ್ದೆ. ಸರ್ಕಾರಿ ಕೆಲಸ ಸಿಕ್ಕರೆ ಅಮ್ಮನನ್ನು ಆ ಹಾಸ್ಟೆಲಿನ ಹೊಗೆಯಿಂದ ಬಿಡಿಸಬೇಕು ಎನ್ನುವುದೊಂದೇ ನನ್ನ ಹಟ. ಎಂಬತ್ತರ ದಶಕದ ನಡುವಿನ ವರ್ಷಗಳು ಅವು.

ಬಸ್ಸಿಳಿದು ವಠಾರಕ್ಕೆ ಬರಲು ದೊಡ್ಡ ದಾರಿ ಒಂದಿತ್ತು, ದೊಡ್ಡಮ್ಮನ ದ್ರಾಕ್ಷಿ ತೋಟದೊಳಗೆ ಹಾದು ಬರುವ ಕಾಲುದಾರಿ ಇನ್ನೊಂದು. ನಾವೆಲ್ಲ ತೋಟದ ದಾರಿಯಲ್ಲೇ ಓಡಾಡುತ್ತಿದ್ದೆವು. ಎರಡೂ ಕಡೆ ಕಲ್ಲುಕಂಬದ ಮೇಲೆ ಚಪ್ಪರ, ತಲೆಯ ಮೇಲೆ ದಟ್ಟವಾಗಿ ಎಲೆ, ಬಿಸಿಲಿನಲ್ಲೂ ತಂಪು. ಆ ವರ್ಷ ತೋಟದ ಫಸಲನ್ನು ಗುತ್ತಿಗೆ ಹಿಡಿದಿದ್ದವನೊಬ್ಬನಿದ್ದ. ದೊಡ್ಡಮ್ಮನ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ, ನನ್ನನ್ನು ತಂಗಿ ಎಂದು ಕರೆಯುತ್ತಿದ್ದ. ಹಣ್ಣು ಕಪ್ಪಾಗುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ, ಆ ಚಪ್ಪರದ ಕೆಳಗೆ ಅವನು ನನ್ನ ಮೇಲೆ ಅತ್ಯಾಚಾರ ಮಾಡಿದ. ಅದನ್ನು ಹೇಗೆ, ಏನು ಎಂದು ಕೋರ್ಟಿನಲ್ಲಿ ಒಮ್ಮೆ ಹೇಳಿದ್ದೇನೆ. ಇನ್ನೊಮ್ಮೆ ಹೇಳುವ ಸಾಲ ನನಗಿಲ್ಲ.

ನಾನು ವಠಾರದೊಳಗೆ ಬಂದಾಗ ದೊಡ್ಡಮ್ಮ ಅಂಗಳದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ತಲೆಯೆತ್ತಿ ನೋಡಿದರು. ಮೊರವನ್ನು ಹಾಗೇ ಬಿಟ್ಟು ಎದ್ದು ಬಂದು ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದರು. ಯಾವತ್ತೂ ಊರಿಗೆಲ್ಲ ಕೇಳಿಸುವ ಆ ಬಾಯಿಯಿಂದ ಒಂದು ಮಾತೂ ಬರಲಿಲ್ಲ. ಬಾಗಿಲು ಹಾಕಿ, ಬಟ್ಟೆ ತೆಗೆದು, ಕಲ್ಲಿನ ಮೇಲೆ ಕೂರಿಸಿ ನೀರು ಹಾಕಿದರು. ಮೊದಲ ಚೆಂಬು ತಲೆಯ ಮೇಲೆ ಬಿದ್ದಾಗ ನಾನು ಉಸಿರು ಬಿಟ್ಟೆ. ತೋಟದಿಂದ ಅಲ್ಲಿಯವರೆಗೂ ಹಿಡಿದುಕೊಂಡೇ ಬಂದಿದ್ದೆ ಅನಿಸುತ್ತದೆ. ಆಮೇಲೆ ಉರಿ ಶುರುವಾಯಿತು. ಬೆನ್ನಿಗೆ, ಭುಜಕ್ಕೆ, ಮಣಿಕಟ್ಟಿಗೆ ನೀರು ತಗುಲಿದಲ್ಲೆಲ್ಲ ಬೆಚ್ಚಿಬೀಳುತ್ತಿದ್ದೆ. ದೊಡ್ಡಮ್ಮ ಪ್ರತಿಸಲವೂ ಚೆಂಬು ಇಳಿಸಿ, ಬಗ್ಗಿ ನೋಡಿ, ಆ ಜಾಗ ಬಿಟ್ಟು ಪಕ್ಕಕ್ಕೆ ಹಾಕುತ್ತಿದ್ದರು. ತುಂಬ ಹೊತ್ತಾದ ಮೇಲೆ ಕೇಳಿದರು:

“ಯಾರವ್ವ?”

ಹೇಳಿದೆ. ಚೆಂಬು ಹಂಡೆಯ ಬಾಯಿಗೆ ತಗುಲಿ ಠಣ್ ಎಂದಿತು.

“ನಮ್ಮನೆ ಕಾಫಿ ಕುಡ್ದೋನಾ?”

ಅಷ್ಟೇ ಅವರು ಕೇಳಿದ್ದು. ಎಷ್ಟು ಹೊತ್ತಿಗೆ, ಯಾಕೆ ಒಬ್ಬಳೇ ಬಂದೆ, ಯಾಕೆ ಕೂಗಲಿಲ್ಲ, ಒಂದೂ ಇಲ್ಲ. ಮುಂದೆ ಆ ಪ್ರಶ್ನೆಗಳನ್ನು ಕೇಳುವವರಿಗೇನೂ ಬರವಿರಲಿಲ್ಲ. ಆದ್ದರಿಂದಲೇ ಅವರು ಕೇಳದೆ ಬಿಟ್ಟದ್ದು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ನನಗೆ ತನ್ನದೇ ಒಂದು ಹಳೇ ಸೀರೆ ಸುತ್ತಿ, ಚಾಪೆಯ ಮೇಲೆ ಮಲಗಿಸಿ, ನನ್ನ ಬಟ್ಟೆಯನ್ನು ತಾನೇ ತಿಕ್ಕಿ ತಿಕ್ಕಿ ಒಗೆದು ಹಿತ್ತಲಲ್ಲಿ ಒಣಹಾಕಿದರು. ಬೇರೆ ಯಾರೂ ಮುಟ್ಟಕೂಡದು, ನೋಡಕೂಡದು ಎಂದು.

ಎದುರು ಮನೆಯಲ್ಲಿ ರವಿಕೆ ಹೊಲಿಯುವ ಸಾಬರ ಹೆಂಗಸೊಬ್ಬರಿದ್ದರು. ನಾವು ಅವರನ್ನು ಖಾಲಾ ಎನ್ನುತ್ತಿದ್ದೆವು. ಅವರ ಯಜಮಾನರು ಆಟೋ ಓಡಿಸುತ್ತಿದ್ದರು. ಖಾಲಾ ಬಂದು ನನ್ನ ತಲೆಯ ಹತ್ತಿರ ಕೂತರು. ದೊಡ್ಡಮ್ಮ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು, “ಆಸ್ಪತ್ರೆಗೆ ತೋರಿಸ್ಬೇಕು ದೊಡ್ಡಮ್ಮ. ಪೊಲೀಸ್‌ಗೂ ಹೇಳ್ಬೇಕು. ನಾವು ಸುಮ್ನೆ ಕೂತ್ರೆ ಅವ್ನು ನಾಳೆ ಬಂದು ನಿಮ್ ಜಗಲಿ ಮೇಲೇನೇ ಕೂರ್ತಾನೆ ನೋಡಿ” ಎಂದರು. ಆಟೋದಲ್ಲಿ ಹೋಗಿ ಅಮ್ಮನನ್ನು ಕರೆತಂದರು. ಅಮ್ಮ ಬಂದವಳೇ ನನ್ನನ್ನು ತಬ್ಬಿಕೊಂಡು, ಗೋಡೆಗೆ ತಲೆ ಚಚ್ಚಿಕೊಂಡು, ಕೊನೆಗೆ ಒಂದೇ ಮಾತು ಹಿಡಿದಳು: ಯಾರಿಗೂ ಗೊತ್ತಾಗುವ ಮೊದಲು ಮನೆ ಖಾಲಿ ಮಾಡಿ ಊರಿಗೆ ಹೋಗಿಬಿಡೋಣ.

ನನಗೆ ಸಿಟ್ಟು ಬಂತು. ಮಧ್ಯಾಹ್ನದಿಂದ ನನ್ನ ಮೈಯಲ್ಲಿ ಏನೂ ಇರಲಿಲ್ಲ, ಸಿಟ್ಟು ಮೊದಲು ವಾಪಸ್ಸು ಬಂತು.

“ನಾನ್ಯಾಕ್ ಹೋಗ್ಬೇಕು? ಅವ್ನು ಹೋಗ್ಲಿ!”

ಆ ಮಾತನ್ನು ಕಿರುಚಿದೆ ಎಂದು ಖಾಲಾ ಆಮೇಲೆ ಹೇಳಿದರು. ಮುಂದಿನ ವರ್ಷಗಳ ಜಗಳವೆಲ್ಲ ಅಷ್ಟೇ. ಆ ಓಣಿ ಬಿಟ್ಟು ಹೋಗಬೇಕಾದವರು ಯಾರು, ಅವನೋ ನಾನೋ.

ಸಂಜೆಯೇ ದೊಡ್ಡಾಸ್ಪತ್ರೆಗೆ ಹೋದೆವು. ಅಮ್ಮ ಆಚೆಯ ಬೆಂಚಿನ ಮೇಲೆ ಕೂತುಬಿಟ್ಟಳು. ನನ್ನ ಜೊತೆ ಒಳಗೆ ಬಂದದ್ದು ದೊಡ್ಡಮ್ಮ. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕುಳ್ಳಗಿದ್ದರು, ಕೋಟಿನ ಜೇಬಿನ ಮೇಲೆ ಇಂಕಿನ ಕಲೆ. ನಾನು ಮುದುರಿಕೊಂಡು ಮಲಗಿದ್ದೆ. ಅವರು ಕೈ ಚಾಚುವ ಮೊದಲು, “ಮುಟ್ಟಲಾ?” ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದರು. ನಾನು ಹೂಂ ಎಂದ ಮೇಲೆಯೇ ಕೈ ಹಿಡಿದರು. ಭುಜ ನೋಡುವ ಮೊದಲು ಮತ್ತೆ, “ಇಲ್ಲಿ ಮುಟ್ಟಲಾ?” ಬೆನ್ನು ನೋಡುವ ಮೊದಲು ಮತ್ತೆ. ಬೇಡ ಎಂದಾಗ ಕೈ ಹಿಂದಕ್ಕೆ ತೆಗೆದುಕೊಂಡು ಕಾದರು. ಆ ಮಧ್ಯಾಹ್ನ ನನ್ನ ಮೈ ನನ್ನದಲ್ಲ ಅನಿಸಿಹೋಗಿತ್ತು. ಆ ಹೆಂಗಸು ಕೇಳಿ ಕೇಳಿ ಅದನ್ನು ನನಗೆ ತಿರುಗಿ ಕೊಟ್ಟರು. ಅವರಿಗೆ ನಾನು ಸರಿಯಾಗಿ ನಮಸ್ಕಾರವನ್ನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಆ ಹೊತ್ತಿನ ಬಟ್ಟೆ ಎಲ್ಲಿ ಎಂದರು. ದೊಡ್ಡಮ್ಮ ಮುಂದೆ ಬಂದು, “ಅಯ್ಯೋ, ಒಗ್ದು ಒಣಗಾಕಿದೀನಿ ಕಣಮ್ಮ. ತಲೆಗೂ ನೀರ್ ಉಯ್ದು ಚೆಂದಾಗ್ ತೊಳ್ದೇ ಕರ್ಕೊಂಡ್ ಬಂದಿದೀನಿ” ಎಂದರು. ಮಾಡಬೇಕಾದ ಕೆಲಸ ಸರಿಯಾಗಿ ಮಾಡಿದ ಹೆಂಗಸಿನ ದನಿಯಲ್ಲಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. “ಅಮ್ಮ, ಸ್ನಾನ ಮಾಡಿಸಬಾರದಾಗಿತ್ತು. ಬಟ್ಟೆ ಒಗೀಬಾರದಾಗಿತ್ತು. ಅವನ ಗುರುತೆಲ್ಲ ಅದರಲ್ಲೇ ಇರೋದು. ಇದ್ದಿದ್ರೆ ಕೇಸಿಗೆ ಗಟ್ಟಿಯಾಗ್ತಿತ್ತು. ಇರಲಿ, ಗಾಯಗಳಿವೆ. ಅವನ್ನ ಬರೀತೀನಿ” ಎಂದರು.

ವಾಪಸ್ಸು ಬರುವಾಗ ಆಟೋದಲ್ಲಿ ದೊಡ್ಡಮ್ಮ ನನ್ನ ಪಕ್ಕ ಕೂತು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ಹೆಬ್ಬಾಳ ಕೆರೆ ದಾಟುವಾಗ, “ಅವ್ನ ನಾನೇ ತೊಳ್ದು ಕಳಿಸ್ಬುಟ್ನಲ್ಲವ್ವಾ” ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಜನ ಕೇಳಿದ್ದಾರೆ, ಆ ಮುದುಕಿಯ ಮೇಲೆ ನಿನಗೆ ಸಿಟ್ಟು ಬರಲಿಲ್ಲವೇ ಎಂದು. ಒಂದು ಕ್ಷಣವೂ ಬಂದಿಲ್ಲ. ಕಾನೂನಿಗೆ ಬೇಕಾದದ್ದು ಆ ನೀರಿನಲ್ಲಿ ಹೋಯಿತು, ನಿಜ. ನಾನು ಉಸಿರು ಬಿಟ್ಟದ್ದೂ ಅದೇ ನೀರಿನಲ್ಲಿ.

ಮರುದಿನ ಠಾಣೆಯಲ್ಲಿ ದಫೇದಾರನೊಬ್ಬ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಯಾಕಮ್ಮ ಇದೆಲ್ಲ, ನಾಳೆ ಹುಡುಗಿ ಮದುವೆ ಆಗೋದ್ ಬೇಡ್ವಾ?” ಎಂದ. ಹಿಂದಿನ ದಿನದಿಂದ ಸತ್ತ ಹಾಗಿದ್ದ ದೊಡ್ಡಮ್ಮನ ಬಾಯಿಗೆ ಅಲ್ಲಿ ಜೀವ ಬಂತು. ಬೆಂಚಿನ ಮೇಲೆ ಕಾಲು ಮಡಚಿ ಕೂತು, “ನೀನ್ ಬರ್ಕೊಳೋವರ್ಗೂ ನಾನಿಲ್ಲೇ ಇರ್ತೀನಿ ಕಣಪ್ಪ. ಟೀ ತರ್ಸು, ಸಕ್ರೆ ಕಮ್ಮಿ ಆಕ್ಸು” ಎಂದರು. ಟೀಯೂ ಬಂತು, ಇನ್ಸ್‌ಪೆಕ್ಟರೂ ಬಂದರು, ದೂರನ್ನೂ ಬರೆದುಕೊಂಡರು. ಆ ವಾರವೇ ಅವನನ್ನು ಹಿಡಿದರು, ಸ್ವಲ್ಪ ದಿನಕ್ಕೆ ಜಾಮೀನಿನ ಮೇಲೆ ಹೊರಗೂ ಬಂದ.

ಅವನು ಹೊರಗೆ ಬಂದ ಮೇಲೆ ಊರಿನ ಹಿರಿಯರು ಅರಳಿಮರದ ಕಟ್ಟೆಯ ಮೇಲೆ ಸೇರಿದರು. ದೊಡ್ಡಮ್ಮನ ಮೈದುನನೇ ಮುಂದಾಳು. ಗುತ್ತಿಗೆಯವನು ದೇವರ ಮುಂದೆ ತಪ್ಪೊಪ್ಪಿಕೊಂಡು ತಪ್ಪುಕಾಣಿಕೆ ಹಾಕಲಿ, ಹುಡುಗಿ ಕಡೆಯವರು ಕೇಸು ವಾಪಸ್ಸು ತೆಗೆದುಕೊಳ್ಳಲಿ, ಊರಿನ ಮರ್ಯಾದೆ ಊರಲ್ಲೇ ಇರಲಿ ಎಂದು ತೀರ್ಮಾನ. ನಮ್ಮ ಕಡೆಯ ಎಷ್ಟೋ ಜಗಳಗಳು ಹಾಗೇ ಮುಗಿಯುತ್ತಿದ್ದವು. ಹೆಂಗಸರು ಕಟ್ಟೆಯ ಹತ್ತಿರ ಬರುವ ವಾಡಿಕೆಯಿರಲಿಲ್ಲ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಮಧ್ಯೆ ನಿಂತರು.

“ಇದೇನ್ ದನ ವೊಲಕ್ ನುಗ್ಗಿದ ನ್ಯಾಯ ಅನ್ಕೊಂಡ್ರಾ, ತಪ್ಪುಕಾಣಿಕೆ ಆಕಿ ಮುಗ್ಸಾಕೆ? ಮಗೀಗ್ ಆಗಿದ್ದು ನನ್ ತೋಟ್ದಾಗೆ. ಕಟ್ಟೆ ಮೇಲೆ ಮುಗ್ಸಾಕೆ ನಾನ್ ಬುಡಾಕಿಲ್ಲ.”

ಆ ಸಂಜೆ ಅವರು ಅವನ ಗುತ್ತಿಗೆ ಬಿಡಿಸಿದರು. ಮೈದುನ ಅವರ ಮನೆಗೆ ಬರುವುದು ಬಿಟ್ಟ. ಒಮ್ಮೆ ಮಾತ್ರ ಬಂದ, ಹೆದರಿಸಲು. ಬಟ್ಟೆ ಒಗೆದು ಸಾಕ್ಷಿ ನಾಶ ಮಾಡಿದವಳು ನೀನೇ, ಕೋರ್ಟಿನಲ್ಲಿ ಬಾಯಿಬಿಟ್ಟರೆ ಮೊದಲು ನಿನ್ನನ್ನೇ ಒಳಗೆ ಹಾಕುತ್ತಾರೆ, ಹುಡುಗಿಯೇ ಸ್ನಾನ ಮಾಡಿಕೊಂಡಳು, ನನಗೇನೂ ಗೊತ್ತಿಲ್ಲ ಎಂದುಬಿಡು ಎಂದು ಹೇಳಿ ಹೋದ. ಠಾಣೆಗೆ ಹೆದರದ ದೊಡ್ಡಮ್ಮ ಆ ಮಾತಿಗೆ ಹೆದರಿದರು. ಅಂದಿನಿಂದ ಕೋರ್ಟು ಎಂದರೆ ಸಾಕು ಎದ್ದು ಹೋಗುತ್ತಿದ್ದರು. ಬಚ್ಚಲಲ್ಲಿ ನಡೆದದ್ದನ್ನು ಅವರು ಹೇಳದಿದ್ದರೆ ನನ್ನ ಕಡೆ ಹೇಳುವವರು ಇನ್ಯಾರೂ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮನೇ ಹೇಳಿ ಕಳಿಸಿದ್ದರಿಂದ ಮಹಿಳಾ ಸಂಘದ ಅಕ್ಕ ಒಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಕೈಮಗ್ಗದ ಸೀರೆ, ಹೆಗಲಿಗೆ ಬಟ್ಟೆ ಚೀಲ, ಚೀಲದೊಳಗೆ ಯಾವಾಗಲೂ ಕಡಲೆಬೀಜ. ಕಾನೂನು ಆಗಷ್ಟೇ ಬದಲಾಗಿದೆ ಎಂದು ಅವರು ಹೇಳಿದರು. ಇಂಥ ಕೇಸನ್ನು ಕೋರ್ಟಿನ ಬಾಗಿಲು ಹಾಕಿ ನಡೆಸಬೇಕು, ನನ್ನ ಹೆಸರು ಪತ್ರಿಕೆಗೆ ಹೋಗಕೂಡದು. ಅದಕ್ಕಾಗಿ ಊರೂರಿನಲ್ಲಿ ಹೆಂಗಸರು ಬೀದಿಗಿಳಿದು ಕೂಗಿದ್ದರಂತೆ. ನಾನು ಟೈಪಿಂಗ್ ಕ್ಲಾಸಿನಲ್ಲಿ ಕುಟ್ಟುತ್ತಿದ್ದಾಗ, ನನ್ನ ಮುಖ ಕಾಣದ ಯಾರ‍್ಯಾರೋ ನನಗಾಗಿ ಬಿಸಿಲಲ್ಲಿ ನಿಂತಿದ್ದರು. ದೊಡ್ಡಮ್ಮನಿಗೆ ಅಕ್ಕ ಹೇಳಿದ್ದು ಇಷ್ಟೇ: “ಇದ್ದದ್ದನ್ನ ಇದ್ದ ಹಾಗೆ ಹೇಳಿ.” ದೊಡ್ಡಮ್ಮ ತಲೆಯೆತ್ತದೆ ಒಲೆಗೆ ಕಡ್ಡಿ ಮುರಿದು ಹಾಕುತ್ತ ಕೂತಿದ್ದರು.

ಕೇಸು ಕೂಗಿಸಿಕೊಳ್ಳುವುದು, ಮುಂದಕ್ಕೆ ಹೋಗುವುದು, ಹೀಗೇ ಬಹಳ ಕಾಲ ನಡೆಯಿತು. ಪ್ರತಿಸಲ ಖಾಲಾ ಟಿಫನ್ ಕ್ಯಾರಿಯರ್ ಹಿಡಿದು ನನ್ನ ಜೊತೆ ಬಂದು ಕೋರ್ಟಿನ ಮರದ ಕೆಳಗೆ ಕೂರುತ್ತಿದ್ದರು. ರಂಜಾನ್ ತಿಂಗಳಲ್ಲೂ ಬಂದರು. ತಾವು ಹನಿ ನೀರು ಕುಡಿಯದೆ ನನಗೆ ಚಪಾತಿ ತಿನ್ನಿಸಿದರು. ಈ ನಡುವೆ ನಾನು ಸೀನಿಯರ್ ಪಾಸಾದೆ. ಜನ ನನ್ನನ್ನು ನೋಡುತ್ತಾರೆ ಎಂದು ಕ್ಲಾಸು ಬಿಡಲು ಹೊರಟಾಗ ಅಮ್ಮನೇ, “ಅವನು ಹೋಗ್ಲಿ ಅಂತ ಕಿರುಚ್ದವಳು ನೀನು, ಈಗ ನೀನೇ ಹೋಗ್ತೀಯಾ?” ಎಂದು ದಬ್ಬಿ ಕಳಿಸಿದ್ದಳು.

ಕೊನೆಗೆ ವಿಚಾರಣೆ ಬಂತು. ಬಾಗಿಲು ಹಾಕಿದರು. ನಾನು ಹೇಳಬೇಕಾದ್ದನ್ನು ಹೇಳಿದೆ. ಆಮೇಲೆ ಜಡ್ಜಿ ನನ್ನನ್ನು ಅಕ್ಕನ ಪಕ್ಕದ ಬೆಂಚಿನಲ್ಲಿ ಕೂರಲು ಬಿಟ್ಟರು. ದೊಡ್ಡಮ್ಮನನ್ನು ಕರೆದರು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು ಅವುಚಿಕೊಂಡು ಬಂದು ನಿಂತರು. ಗಂಟನ್ನು ಕೆಳಗಿಡಿ ಎಂದರೆ ಇಡಲಿಲ್ಲ. ಅವನ ಕಡೆಯ ವಕೀಲರು ಎದ್ದರು.

“ಹುಡುಗಿಗೆ ಸ್ನಾನ ಮಾಡಿಸಿದ್ದು ಯಾರು?”

ನಾನು ಕಣ್ಣು ಮುಚ್ಚಿಕೊಂಡೆ.

“ನಾನೇ ಸ್ವಾಮಿ.”

“ಬಟ್ಟೆ ಒಗೆದದ್ದು?”

“ಅದೂ ನಾನೇಯ.”

“ಅಂದ್ರೆ ತೋರಿಸೋಕೆ ಏನೂ ಉಳಿದಿಲ್ಲ. ನೀವು ಬಾಯಲ್ಲಿ ಹೇಳಿದ್ದನ್ನ ಕೋರ್ಟು ನಂಬಬೇಕು, ಅಷ್ಟೇ ತಾನೆ?”

ದೊಡ್ಡಮ್ಮ ಗಂಟನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡರು.

“ಒಗ್ದಿದ್ದು ತೆಪ್ಪು ಸ್ವಾಮಿ. ಡಾಕ್ಟ್ರಮ್ಮ ಏಳಿದ್ ಮೇಲೆ ಗೊತ್ತಾಯ್ತು. ಅದುಕ್ ಏನ್ ಸಿಕ್ಸೆ ಅಯ್ತೋ ಕೊಡಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ನೀರ್ ಉಯ್ದೋಳು ನಾನು. ನೀರ್ ಬಿದ್ದಾಗ ಮಗ ಎಲ್ಲೆಲ್ ಬೆಚ್ಚಿಬಿತ್ತು ಅಂತ ನಂಗೊತ್ತು. ಬಟ್ಟೆ ಒಗ್ದೆ, ನೋಡಿದ್ದನ್ನ ಎಂಗ್ ಒಗೀಲಿ?”

ಹೀಗೆಂದು ತನ್ನದೇ ಭುಜ ಮುಟ್ಟಿ ತೋರಿಸಿದರು. ಆಮೇಲೆ ಬೆನ್ನು, ಆಮೇಲೆ ಮಣಿಕಟ್ಟು. ಎಲ್ಲೆಲ್ಲಿ ಚೆಂಬು ಇಳಿಸಿ ಪಕ್ಕಕ್ಕೆ ಹಾಕಿದ್ದರೋ ಅಲ್ಲೆಲ್ಲ. ಡಾಕ್ಟರಮ್ಮ ಬರೆದದ್ದೂ ಅವೇ ಜಾಗಗಳು.

“ಆ ಉರೀನಾಗೇ ಮಗ ಅವ್ನ್ ಎಸ್ರು ಏಳ್ತು. ಕೇಳಿಸ್ಕೊಂಡೋಳು ನಾನೊಬ್ಳೇ. ಇಗೋ, ಅವ್ನೇ” ಎಂದು ಕಟಕಟೆಯಲ್ಲಿ ನಿಂತಿದ್ದವನ ಕಡೆ ಕೈ ತೋರಿಸಿದರು.

ಟೈಪ್ ಮಾಡುತ್ತಿದ್ದವನ ಕೈ ನಿಂತಿತ್ತು. ಆ ಸದ್ದಿನಲ್ಲೇ ಬದುಕುತ್ತಿದ್ದ ನನಗೆ ಅದು ನಿಂತದ್ದು ಎಲ್ಲರಿಗಿಂತ ಮೊದಲು ಗೊತ್ತಾಯಿತು. ಜಡ್ಜಿ, “ಅವರು ಹೇಳಿದ ಹಾಗೇ ತಗೊಳ್ಳಿ” ಎಂದರು. ಮತ್ತೆ ಕೀಲಿಗಳ ಸದ್ದು ಶುರುವಾಯಿತು.

ಹೊರಗೆ ಮರದ ಕೆಳಗೆ ಖಾಲಾ ಊಟ ಬಿಚ್ಚಿದರು. ದೊಡ್ಡಮ್ಮ ಮಾತ್ರ ಬಾಗಿಲ ಕಡೆಯೇ ನೋಡುತ್ತ ನಿಂತಿದ್ದರು. ಈಗ ಹೊರಡಬಹುದು ಎಂದು ಅಕ್ಕ ಹೇಳಿದರೂ ನಂಬಲಿಲ್ಲ. “ಪೊಲೀಸ್ನೋರು ಬರಾಕಿಲ್ವಾ?” ಎಂದರು. ಯಾಕೆ ಎಂದು ಕೇಳಿ ನಾನು ಆ ಗಂಟು ಬಿಚ್ಚಿದೆ. ಒಂದು ಸೀರೆ, ಒಂದು ಟವೆಲ್ಲು, ಬಾಚಣಿಗೆ, ಎಲೆಅಡಿಕೆಯ ಚೀಲ.

“ಒಳೀಕ್ ಆಕುದ್ರೆ ಉಟ್ಕೊಳಾಕೆ ಬ್ಯಾಡ್ವಾ?” ಎಂದರು ದೊಡ್ಡಮ್ಮ.

ಆ ಹೆಂಗಸು ಜೈಲಿಗೆ ಹೋಗುತ್ತೇನೆಂದೇ ನಂಬಿ, ಸೀರೆ ಮಡಚಿಕೊಂಡು, ಮನೆಗೆ ಬೀಗ ಹಾಕಿ, ಹಸುವಿಗೆ ಹುಲ್ಲು ಹಾಕಲು ಪಕ್ಕದವರಿಗೆ ಹೇಳಿ, ನನಗಾಗಿ ನಿಜ ಹೇಳಲು ಬಂದಿದ್ದರು. ಖಾಲಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನು ಅತ್ತೆ. ಅಷ್ಟು ಕಾಲ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ದೊಡ್ಡಮ್ಮನ ಹೆಗಲ ಮೇಲೆ ಅತ್ತೆ. ನನಗೆ ಆ ದಿನ ಸಿಕ್ಕಿದಷ್ಟು ಪ್ರೀತಿ ಇಡೀ ಜನ್ಮದಲ್ಲಿ ಸಿಗದವರಿದ್ದಾರೆ.

ಅವನಿಗೆ ಶಿಕ್ಷೆಯಾಯಿತು. ಬಾಯಿ ಸಾಕ್ಷಿಯೂ ಡಾಕ್ಟರಮ್ಮನ ಬರಹವೂ ಒಂದಕ್ಕೊಂದು ಹೊಂದುತ್ತವೆ ಎಂದು ತೀರ್ಪಿನಲ್ಲಿತ್ತಂತೆ. ಎಲ್ಲರಿಗೂ ಹೀಗಾಗುವುದಿಲ್ಲ ಎಂದು ನನಗೆ ಗೊತ್ತು. ಮುಂದೆ ಅಕ್ಕನ ಜೊತೆ ಬೇರೆ ಹುಡುಗಿಯರಿಗಾಗಿ ಎಷ್ಟೋ ಸಲ ಅದೇ ಮರದ ಕೆಳಗೆ ಕೂತಿದ್ದೇನೆ, ಅವರಲ್ಲಿ ಸೋತು ಎದ್ದುಬಂದವರೇ ಹೆಚ್ಚು. ನನಗೆ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಓಣಿ ಬಿಡಲಿಲ್ಲ. ದೊಡ್ಡಮ್ಮ ಕಾಲುದಾರಿಯ ಎರಡೂ ಬದಿಯ ಬಳ್ಳಿ ಕೀಳಿಸಿ, ಜಗಲಿಯ ಮೇಲೆ ಕೂತರೆ ರಸ್ತೆಯವರೆಗೂ ಕಾಣುವ ಹಾಗೆ ಬಯಲು ಮಾಡಿಸಿದರು. ಹಣ್ಣು ಬಿಡುವ ಬಳ್ಳಿ ಕಿತ್ತ ಹುಚ್ಚಿ ಎಂದು ಜನ ಆಡಿಕೊಂಡರು. ಅವರು ಅಲ್ಲೇ ಕೂತು, ಕ್ಲಾಸು ಮುಗಿಸಿ ಬರುವ ಹುಡುಗಿಯರನ್ನೆಲ್ಲ ಹೆಸರು ಹಿಡಿದು ಕೂಗಿ ಮಾತಾಡಿಸುತ್ತಿದ್ದರು. ಆ ಗಂಟಲು ಒಂದು ಕೆಲಸಕ್ಕೆ ಬಂತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತೋಟಗಳೆಲ್ಲ ಒಂದೊಂದಾಗಿ ಸೈಟುಗಳಾಗುತ್ತಿದ್ದವು. ದೊಡ್ಡಮ್ಮನ ಬಚ್ಚಲ ಹಿಂದೆ ಕಡ್ಡಿಯ ಹೊರೆ ಸಣ್ಣದಾಗಿತ್ತು, ಉಳಿದಿದ್ದನ್ನು ದೀಪಾವಳಿಯ ಎಣ್ಣೆಸ್ನಾನಕ್ಕೆಂದು ಎತ್ತಿಟ್ಟಿದ್ದರು. ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲೇ ತಲೆ ಒಣಗಿಸಿಕೊಳ್ಳುತ್ತಿದ್ದೆ. ಅಮೃತಹಳ್ಳಿ ಕಡೆಯಿಂದ ಹೆಂಗಸೊಬ್ಬಳು ಒಂದು ಹುಡುಗಿಯನ್ನು ತಬ್ಬಿಕೊಂಡು ಬಂದಳು. ನನ್ನ ಕೇಸಿನ ಸುದ್ದಿ ಸುತ್ತಲಿನ ಹೆಂಗಸರಿಗೆಲ್ಲ ಗೊತ್ತಿತ್ತು, ಅದಕ್ಕೇ ಆ ಬಾಗಿಲಿಗೆ ಬಂದಿದ್ದಳು. ಹುಡುಗಿಯನ್ನು ನೋಡಿದ ಕೂಡಲೇ ನಮ್ಮಿಬ್ಬರಿಗೂ ಎಲ್ಲ ಅರ್ಥವಾಯಿತು. ಅವಳ ಬಾಯಲ್ಲಿದ್ದದ್ದು ಒಂದೇ ಮಾತು.

“ಒಂದ್ ಚೆಂಬು ನೀರ್ ಹಾಕಿ. ಒಂದೇ ಚೆಂಬು.”

ದೊಡ್ಡಮ್ಮನ ಕೈ ತಾನಾಗಿ ಚೆಂಬಿಗೆ ಹೋಯಿತು. ಅಲ್ಲೇ ನಿಂತಿತು. ಚೆಂಬನ್ನು ಬೋರಲು ಹಾಕಿ, ಮಂಡಿನೋವಿನಲ್ಲೇ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಈಗ ಬ್ಯಾಡ ಮಗ. ಬಟ್ಟೆ ಬದಲಾಯಿಸ್ಬ್ಯಾಡ, ತಲೆ ಬಾಚ್ಬ್ಯಾಡ, ಇಂಗೇ ಆಸ್ಪತ್ರೆಗ್ ಓಗು. ಈ ಅಕ್ಕ ಜತೇಗ್ ಬತ್ತಾಳೆ. ನೀನ್ ಎಷ್ಟೊತ್ಗೆ ಬಂದ್ರೂ ನೀರ್ ಬಿಸಿಯಾಗಿರ್ತದೆ. ನಾನ್ ಒಲೆ ಮುಂದ್ಲಿಂದ ಏಳಾಕಿಲ್ಲ.”

ಖಾಲಾ ಅವರ ಯಜಮಾನರ ಆಟೋದಲ್ಲೇ ಹೋದೆವು. ಆಸ್ಪತ್ರೆ, ಠಾಣೆ, ಕಾಯುವುದು, ಮತ್ತೆ ಕಾಯುವುದು. ಬಟ್ಟೆಯನ್ನು ಈ ಸಲ ಒಂದು ಬಿಳಿ ಪೊಟ್ಟಣಕ್ಕೆ ಹಾಕಿ ಅರಗು ಹಾಕಿದರು. ಹುಡುಗಿ ದಿನವಿಡೀ ಒಂದೇ ಪ್ರಶ್ನೆ ಕೇಳಿದಳು, ನೀರು ನಿಜವಾಗಿ ಕಾಯಿಸಿಟ್ಟಿರುತ್ತಾರಾ ಎಂದು. ನಾನು ಹೂಂ ಎನ್ನುತ್ತಿದ್ದೆ.

ಹೊತ್ತು ಮುಳುಗುವಾಗ ವಾಪಸ್ಸು ಬಂದೆವು. ಬಚ್ಚಲ ಹಿಂದಿನ ನೆಲ ಬೋಳಾಗಿತ್ತು, ಹಬ್ಬಕ್ಕೆಂದು ಎತ್ತಿಟ್ಟ ಕಡ್ಡಿ ಒಂದೂ ಉಳಿದಿರಲಿಲ್ಲ. ಹೊಗೆಗೆ ಕಣ್ಣು ಕೆಂಪಾಗಿ, ಮುಖಕ್ಕೆಲ್ಲ ಬೂದಿ ಮೆತ್ತಿಕೊಂಡು ದೊಡ್ಡಮ್ಮ ಬೆಳಿಗ್ಗೆ ಕೂತ ಮಣೆಯ ಮೇಲೆಯೇ ಕೂತಿದ್ದರು. ಹಂಡೆಯಿಂದ ಹಬೆ ಏಳುತ್ತಿತ್ತು. ಹುಡುಗಿಯನ್ನು ಕಲ್ಲಿನ ಮೇಲೆ ಕೂರಿಸಿ, ಚೆಂಬು ತುಂಬಿ, ಎತ್ತಿ, ಹಾಕದೆ ನಿಂತರು. ಆವತ್ತು ಆಸ್ಪತ್ರೆಯಲ್ಲಿ ನನ್ನ ಪಕ್ಕ ನಿಂತು ಕೇಳಿಸಿಕೊಂಡದ್ದನ್ನು ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದರೋ.

“ಉಯ್ಲಾ ಮಗ?” ಎಂದು ಕೇಳಿದರು.

ಹುಡುಗಿ ತಲೆಯಾಡಿಸಿದಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದು ನಿಂತೆ. ಒಳಗೆ ನೀರು ಬಿದ್ದ ಸದ್ದಾಯಿತು, ಆಮೇಲೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು.